ಎಂಡಿ ಬದಲಾದರೆ ಕಂಪೆನಿ ಬದಲಾಗುತ್ತದಾ? ಸರಕಾರಿ ಕಂಪೆನಿಗಳ ಒಳಗುಟ್ಟು, ಬೆದ್ರಡ್ಕದ ಉದಾಹರಣೆಯೊಂದಿಗೆ

ಸರಕಾರಿ ಕಂಪೆನಿಯೊಂದರ ಎಂಡಿ (ಆಡಳಿತ ನಿರ್ದೇಶಕರು) ಬದಲಾದರು ಎಂಬ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಹೊಸಬರ ಹೆಸರು, ಮೊದಲು ಯಾವ ಹುದ್ದೆಯಲ್ಲಿದ್ದರು, ಯಾವತ್ತು ಅಧಿಕಾರ ವಹಿಸಿಕೊಂಡರು. ಅಷ್ಟೇ. ಅದೇ ಕಂಪೆನಿಯಿಂದ ಸಂಬಳ ಬಾಕಿ ಇರುವವರಿಗೆ, ಮಾಲು ಕೊಟ್ಟು ಬಿಲ್ ಪಾಸಾಗದೆ ಕಾಯುತ್ತಿರುವವರಿಗೆ, ನಿವೃತ್ತಿಯಾದರೂ ಗ್ರಾಚುವಿಟಿ ಸಿಗದವರಿಗೆ ಬೇಕಾದ ಉತ್ತರ ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ. ಹೊಸ ಎಂಡಿ ಕೈಯಲ್ಲಿ ಎಷ್ಟು ಅಧಿಕಾರ ಇದೆ? ಅವರನ್ನು ಕೂರಿಸಿದವರು ಯಾರು? ಕಂಪೆನಿ ಮುಳುಗುವಾಗ ಸರಕಾರ ನೋಡುತ್ತಾ ಇತ್ತಾ, ಇಲ್ಲವಾ?

ಕಾಸರಗೋಡಿನವರಿಗೆ ಈ ಪ್ರಶ್ನೆಗಳು ದೂರದ್ದಲ್ಲ. ಬೆದ್ರಡ್ಕದಲ್ಲಿರುವ ಸರಕಾರಿ ವಿದ್ಯುತ್ ಯಂತ್ರಗಳ ಕಾರ್ಖಾನೆ ಇದುವರೆಗೆ ಮೂರು ಹೆಸರಿನ ಬೋರ್ಡು ಕಂಡಿದೆ. ಮೊದಲು ಕೆಲ್, ಆಮೇಲೆ ಭೆಲ್ ಇಎಂಎಲ್, ಈಗ ಕೆಲ್ ಇಎಂಎಲ್. ಒಡೆತನ ತಿರುವನಂತಪುರದಿಂದ ದೆಹಲಿಗೆ ಹೋಗಿ ಮತ್ತೆ ತಿರುವನಂತಪುರಕ್ಕೆ ಬಂತು. ಈ ಲೇಖನದಲ್ಲಿ ಅದನ್ನೇ ಮುಂದಿಟ್ಟುಕೊಂಡು ವಿಷಯ ಬಿಡಿಸೋಣ.

## ಯಾವುದು ಸರಕಾರಿ ಕಂಪೆನಿ, ಯಾವುದು ಅಲ್ಲ

ನಮ್ಮ ಸುತ್ತ ಸರಕಾರದ ನೆರಳಿರುವ ಸಂಸ್ಥೆಗಳು ಬೇಕಾದಷ್ಟಿವೆ. ಎಲ್ಲವೂ ಕಂಪೆನಿಗಳಲ್ಲ. ಅಂಚೆ ಕಚೇರಿ ಸರಕಾರದ ಇಲಾಖೆ. ಕೂಡ್ಲಿನ ಸಿಪಿಸಿಆರ್‌ಐ ಸಂಶೋಧನಾ ಸಂಸ್ಥೆ. ನಾವು ಅಡಿಕೆ ಕೊಡುವ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಅದರ ಒಡೆಯರು ಸದಸ್ಯರಾದ ಬೆಳೆಗಾರರು, ನಿರ್ದೇಶಕರನ್ನು ಆರಿಸುವವರೂ ಅವರೇ. ಹಾಲಿನ ಮಿಲ್ಮಾ ಕೂಡ ಸಹಕಾರಿ.

ಸರಕಾರಿ ಕಂಪೆನಿಗೆ 2013ರ ಕಂಪೆನಿ ಕಾಯ್ದೆಯಲ್ಲಿ ಸ್ಪಷ್ಟ ಅಳತೆ ಇದೆ. ಪಾವತಿಯಾದ ಷೇರು ಬಂಡವಾಳದಲ್ಲಿ ಕನಿಷ್ಠ 51 ಶೇಕಡಾ ಕೇಂದ್ರ ಸರಕಾರದ್ದೋ ರಾಜ್ಯ ಸರಕಾರದ್ದೋ ಅಥವಾ ಇಬ್ಬರದೂ ಸೇರಿಯೋ ಇರಬೇಕು. ಅಂಥ ಕಂಪೆನಿಯ ಅಧೀನದಲ್ಲಿ ಇನ್ನೊಂದು ಕಂಪೆನಿ ಇದ್ದರೆ ಅದೂ ಸರಕಾರಿ ಕಂಪೆನಿಯೇ. ಚಿಟ್ಟಿ ನಡೆಸುವ ಕೆಎಸ್‌ಎಫ್‌ಇ, ಮಾವೇಲಿ ಸ್ಟೋರಿನ ಸಪ್ಲೈಕೋ, ಸರತಿ ಸಾಲಿಗೆ ಹೆಸರಾದ ಬಿವರೇಜಸ್ ಕಾರ್ಪೊರೇಷನ್, 2013ರಿಂದ ಕಂಪೆನಿಯಾಗಿ ನಡೆಯುತ್ತಿರುವ ಕೆಎಸ್‌ಇಬಿ ಎಲ್ಲವೂ ಈ ಗುಂಪಿನವು. ಹೆಸರಿನಲ್ಲಿ ಕಾರ್ಪೊರೇಷನ್ ಅಂತ ಇದ್ದರೂ ಕಾನೂನಿನ ಕಣ್ಣಿಗೆ ಕಂಪೆನಿ ಆಗಿರಬಹುದು.

ಆದರೆ ಕೇರಳದ ಕೆಎಸ್‌ಆರ್‌ಟಿಸಿ ನಿಜವಾದ ನಿಗಮ. ಮಂಗಳೂರು ಬಸ್ಸಿಗೆ ಕಾಯುವಾಗ ಎರಡು ರಾಜ್ಯದ ಎರಡು ಕೆಎಸ್‌ಆರ್‌ಟಿಸಿ ಕಾಣುವ ಭಾಗ್ಯ ನಮಗೆ. ಎರಡೂ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಹುಟ್ಟಿದವು. ಅವಕ್ಕೆ ಕಂಪೆನಿ ಕಾಯ್ದೆ ಹತ್ತುವುದಿಲ್ಲ. ಸಾಲ ತೀರಿಸಲಾಗದ ಕಂಪೆನಿಯನ್ನು, ಅದು ಸರಕಾರಿಯೇ ಆಗಿರಲಿ, ಸಾಲ ಕೊಟ್ಟವರು ದಿವಾಳಿ ಕಾನೂನಿನಡಿ ನ್ಯಾಯಮಂಡಳಿಗೆ ಎಳೆಯಬಹುದು. ಕಾಯ್ದೆಯಿಂದಲೇ ಹುಟ್ಟಿದ ನಿಗಮವನ್ನು ಹಾಗೆ ಎಳೆಯುವುದಕ್ಕೆ ಆಗುವುದಿಲ್ಲ.

## ಒಡೆಯ ಒಬ್ಬ, ನಡೆಸುವವನು ಇನ್ನೊಬ್ಬ

ಸರಕಾರಿ ಕಂಪೆನಿಯ ಒಳಗೆ ಯಾರು ಏನು ಎಂಬುದನ್ನು ಅರ್ಥಮಾಡಿಕೊಳ್ಳಲು ನಮ್ಮ ಊರಿನ ದೇವಸ್ಥಾನದ ಆಡಳಿತವನ್ನು ನೆನಪಿಸಿಕೊಳ್ಳಿ. ಆಸ್ತಿ ದೇವರ ಹೆಸರಿನಲ್ಲಿ ಇರುತ್ತದೆ. ದೇವರು ಚೆಕ್ಕಿಗೆ ಸಹಿ ಹಾಕುವುದಿಲ್ಲ. ತೀರ್ಮಾನ ಮಾಡುವುದಕ್ಕೆ ಮೊಕ್ತೇಸರರು ಇರುತ್ತಾರೆ. ದಿನದ ಕೆಲಸಕ್ಕೆ, ಲೆಕ್ಕಕ್ಕೆ, ರಶೀದಿಗೆ ಎಕ್ಸಿಕ್ಯೂಟಿವ್ ಆಫೀಸರ್ ಇರುತ್ತಾರೆ. ಮೇಲೆ ಮಲಬಾರ್ ದೇವಸ್ವಂ ಬೋರ್ಡ್ ಇರುತ್ತದೆ. ದೊಡ್ಡ ಖರ್ಚಿಗೆ ಅದರ ಅನುಮತಿ ಬೇಕು. ಜಾತ್ರೆಯ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಊರವರು ಕೇಳುವುದು ಆಫೀಸರನ್ನು. ಆದರೆ ಆ ಖರ್ಚಿಗೆ ಒಪ್ಪಿದವರು ಬೇರೆ ಇರಬಹುದು.

ಕಂಪೆನಿಯಲ್ಲೂ ಇದೇ ಏರ್ಪಾಡು. ರಾಜ್ಯದ ಷೇರುಗಳು ರಾಜ್ಯಪಾಲರ ಹೆಸರಿನಲ್ಲಿ, ಕೇಂದ್ರದವು ರಾಷ್ಟ್ರಪತಿಯ ಹೆಸರಿನಲ್ಲಿ ಇರುತ್ತವೆ. ಅವರ ಪರವಾಗಿ ಒಡೆತನ ಚಲಾಯಿಸುವುದು ಸಂಬಂಧಪಟ್ಟ ಇಲಾಖೆ. ಕೆಲ್ ಮಟ್ಟಿಗೆ ಅದು ಕೈಗಾರಿಕಾ ಇಲಾಖೆ, ಸಪ್ಲೈಕೋ ಮಟ್ಟಿಗೆ ಆಹಾರ ಇಲಾಖೆ. ತೀರ್ಮಾನ ಮಾಡುವುದು ನಿರ್ದೇಶಕ ಮಂಡಳಿ. ಅದರಲ್ಲಿ ಇಲಾಖೆಯ ಒಬ್ಬರು, ಹಣಕಾಸು ಇಲಾಖೆಯ ಒಬ್ಬರು, ಜೊತೆಗೆ ಸರಕಾರ ನೇಮಿಸಿದ ಇತರರು ಇರುತ್ತಾರೆ. ಮಂಡಳಿಯ ಸಭೆ ನಡೆಸುವವರು ಚೇರ್ಮನ್. ದಿನದ ಕೆಲಸ ನಡೆಸುವವರು ಆಡಳಿತ ನಿರ್ದೇಶಕರು, ಅಂದರೆ ಎಂಡಿ. ಕೆಲವು ಕಡೆ ಎರಡೂ ಒಬ್ಬರೇ. ಆಗ ಸಿಎಂಡಿ ಅನ್ನುತ್ತಾರೆ.

ಎಂಡಿ ಎಷ್ಟು ಲಕ್ಷದವರೆಗೆ ತಾನೇ ಖರ್ಚು ಮಾಡಬಹುದು, ಎಷ್ಟರ ಮೇಲೆ ಮಂಡಳಿಗೆ ಹೋಗಬೇಕು, ಯಾವುದಕ್ಕೆ ಸರಕಾರದ ಆದೇಶವೇ ಬೇಕು ಎಂಬುದನ್ನು ಕಂಪೆನಿಯ ನಿಯಮಾವಳಿ, ಮಂಡಳಿಯ ಠರಾವು, ಸರಕಾರದ ಆದೇಶಗಳು ಸೇರಿ ತೀರ್ಮಾನಿಸುತ್ತವೆ. ಸಾಮಾನ್ಯವಾಗಿ ಹೊಸ ಹುದ್ದೆ ಸೃಷ್ಟಿ, ಸಂಬಳ ಪರಿಷ್ಕರಣೆ, ಜಾಗ ಮಾರಾಟ, ಸರಕಾರದ ಗ್ಯಾರಂಟಿ ಇರುವ ಸಾಲ ಎಂಡಿ ಕೈಗೆ ಬರುವುದಿಲ್ಲ. ನಷ್ಟದಲ್ಲಿರುವ ಕಂಪೆನಿಯನ್ನು ಮೇಲೆತ್ತಲು ಬೇಕಾಗುವುದು ಹೆಚ್ಚು ಕಡಿಮೆ ಇವೇ, ಅಲ್ವಾ? ಹೊಸ ಎಂಡಿ ಬಂದು ಆರು ತಿಂಗಳಾದರೂ ಏನೂ ಆಗಲಿಲ್ಲ ಎಂದು ಬೇಸರ ಪಡುವ ಮೊದಲು ಇದನ್ನು ಗಮನಿಸಬೇಕು.

## ಎಂಡಿ ಬರುವ ದಾರಿ, ಹೋಗುವ ದಾರಿ

ಕೇಂದ್ರದ ಕಂಪೆನಿಗಳಿಗೆ ಉನ್ನತ ಹುದ್ದೆಗೆ ಆಳು ಆರಿಸಲು ಒಂದು ಮಂಡಳಿ ಇದೆ. ಪಬ್ಲಿಕ್ ಎಂಟರ್‌ಪ್ರೈಸಸ್ ಸೆಲೆಕ್ಷನ್ ಬೋರ್ಡ್ ಅದರ ಹೆಸರು, 1974ರಲ್ಲಿ ಶುರುವಾಯಿತು. ಅದು ಸಂದರ್ಶನ ಮಾಡಿ ಹೆಸರು ಸೂಚಿಸುತ್ತದೆ. ಆಮೇಲೆ ಜಾಗೃತ ಆಯೋಗದ ಕಡೆಯಿಂದ ಆಕ್ಷೇಪ ಇಲ್ಲ ಎಂದು ಖಚಿತವಾಗಬೇಕು. ಕೊನೆಗೆ ಸಂಪುಟದ ನೇಮಕಾತಿ ಸಮಿತಿ ಒಪ್ಪಬೇಕು. ಅವಧಿ ಸಾಮಾನ್ಯವಾಗಿ ಐದು ವರ್ಷ ಅಥವಾ ನಿವೃತ್ತಿಯವರೆಗೆ, ಯಾವುದು ಮೊದಲೋ ಅದು. ಕೇರಳದಲ್ಲಿ ಮೊದಲು ರಿಯಾಬ್ ಎಂಬ ಸಂಸ್ಥೆ ಈ ಆಯ್ಕೆಯ ಕೆಲಸ ನೋಡಿಕೊಳ್ಳುತ್ತಿತ್ತು. ಈಗ ರಾಜ್ಯದ ಸಾರ್ವಜನಿಕ ಉದ್ದಿಮೆಗಳಿಗೆಂದೇ ಪ್ರತ್ಯೇಕ ಆಯ್ಕೆ ಮತ್ತು ನೇಮಕಾತಿ ಮಂಡಳಿ ಇದೆ.

ಆದರೆ ಇದು ಒಂದು ದಾರಿ ಮಾತ್ರ. ಇನ್ನೊಂದು ದಾರಿ, ಐಎಎಸ್ ಅಥವಾ ಐಪಿಎಸ್ ಅಧಿಕಾರಿಯನ್ನು ಸರಕಾರ ನೇರವಾಗಿ ಕೂರಿಸುವುದು. ಮೂರನೆಯದು ಹೆಚ್ಚುವರಿ ಹೊಣೆ. ಹುದ್ದೆ ಖಾಲಿಯಾಗಿರುತ್ತದೆ, ಆಯ್ಕೆ ಮುಗಿದಿರುವುದಿಲ್ಲ, ಬೇರೆಲ್ಲೋ ಇರುವ ಅಧಿಕಾರಿಗೆ ‘ಇದನ್ನೂ ನೋಡಿಕೊಳ್ಳಿ’ ಎನ್ನುತ್ತಾರೆ. ಪತ್ರಿಕೆಯ ಸುದ್ದಿಯಲ್ಲಿ ‘ಹೆಚ್ಚುವರಿ’ ಎಂಬ ಮಾತು ಕಂಡರೆ, ಆ ಕಂಪೆನಿಗೆ ಸದ್ಯಕ್ಕೆ ಪೂರ್ತಿ ಹೊತ್ತಿನ ಯಜಮಾನ ಇಲ್ಲ ಎಂದು ತಿಳಿದುಕೊಳ್ಳಬಹುದು. ಚೇರ್ಮನ್ ಹುದ್ದೆಯ ಕಥೆ ಬೇರೆ. ರಾಜ್ಯದ ಎಷ್ಟೋ ಕಂಪೆನಿಗಳಲ್ಲಿ ಅದು ಆಡಳಿತ ಪಕ್ಷಗಳ ನಡುವೆ ಹಂಚಿಕೆಯಾಗುವ ಸ್ಥಾನ. ಸರಕಾರ ಬದಲಾದರೆ ಅವರೂ ಇಳಿಯುತ್ತಾರೆ.

ಬೇಗ ಬೇಗ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಕೇರಳ ಕೆಎಸ್‌ಆರ್‌ಟಿಸಿಯೇ ಸಾಕ್ಷಿ. 2016ರಿಂದ 2020ರ ನಡುವೆ ರಾಜಮಾಣಿಕ್ಯಂ, ಹೇಮಚಂದ್ರನ್, ಟೋಮಿನ್ ತಚ್ಚಂಕರಿ, ದಿನೇಶ್ ಹೀಗೆ ನಾಲ್ವರು ಒಬ್ಬರ ಹಿಂದೆ ಒಬ್ಬರು ಬಂದರು. ಕಲ್ಕತ್ತಾ ಐಐಎಂನ ಪ್ರೊಫೆಸರ್ ಸುಶೀಲ್ ಖನ್ನಾ ಸುಧಾರಣೆಯ ವರದಿ ಕೊಟ್ಟದ್ದೂ ಇದೇ ಹೊತ್ತಿನಲ್ಲಿ. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಮೂರನೆಯವರು ಬಂದಿರುತ್ತಿದ್ದರು. 2020ರಲ್ಲಿ ಬಂದ ಬಿಜು ಪ್ರಭಾಕರ್ 2024ರ ಫೆಬ್ರವರಿವರೆಗೆ ಇದ್ದರು. ಅದು ದೊಡ್ಡ ಅವಧಿ. ಆದರೆ ಅವರು ಸಾರಿಗೆ ಇಲಾಖೆಯ ಕಾರ್ಯದರ್ಶಿಯೂ ಆಗಿದ್ದರು. ಅಂದರೆ ಹಣ ಕೇಳುವ ಕುರ್ಚಿ, ಕೇಳಿದ್ದನ್ನು ಪರಿಶೀಲಿಸುವ ಕುರ್ಚಿ ಎರಡರಲ್ಲೂ ಒಬ್ಬರೇ. ಫೈಲು ಬೇಗ ಓಡುತ್ತದೆ, ಅದು ಲಾಭ. ಪ್ರಶ್ನೆ ಕೇಳುವವರು ಒಬ್ಬರು ಕಡಿಮೆಯಾಗುತ್ತಾರೆ, ಅದು ನಷ್ಟ. ಇಷ್ಟು ಜನ ಬಂದು ಹೋದರೂ ನಿವೃತ್ತರ ಪಿಂಚಣಿ 2018ರಿಂದ ಸಹಕಾರಿ ಬ್ಯಾಂಕುಗಳ ಸಾಲದ ಏರ್ಪಾಡಿನಲ್ಲಿ, ಸರಕಾರ ಮರುಪಾವತಿ ಮಾಡುವ ಭರವಸೆಯ ಮೇಲೆ ನಡೆಯಬೇಕಾಯಿತು. ಆ ಹೊರೆ ಯಾವ ಸಿಎಂಡಿಯೂ ಒಬ್ಬನೇ ಇಳಿಸಬಹುದಾದದ್ದಲ್ಲ.

## ಬೆದ್ರಡ್ಕದಲ್ಲಿ ನಡೆದದ್ದು

ಕೆಲ್, ಅಂದರೆ ಕೇರಳ ಇಲೆಕ್ಟ್ರಿಕಲ್ ಆಂಡ್ ಅಲೈಡ್ ಇಂಜಿನಿಯರಿಂಗ್ ಕಂಪೆನಿ, 1964ರಲ್ಲಿ ಹುಟ್ಟಿದ ರಾಜ್ಯ ಸರಕಾರದ ಕಂಪೆನಿ. ಟ್ರಾನ್ಸ್‌ಫಾರ್ಮರ್, ಆಲ್ಟರ್ನೇಟರ್ ಮಾಡುತ್ತದೆ. ಅದರ ಕಾಸರಗೋಡು ಘಟಕ 1990ರಲ್ಲಿ ಬೆದ್ರಡ್ಕದಲ್ಲಿ ಶುರುವಾಯಿತು. ರೈಲಿನ ಬೋಗಿಗಳಲ್ಲಿ ದೀಪ ಉರಿಯಲು, ಫ್ಯಾನ್ ತಿರುಗಲು ಬೇಕಾದ ಕರೆಂಟ್ ಕೊಡುವ ಆಲ್ಟರ್ನೇಟರ್ ಇಲ್ಲಿಯ ಮುಖ್ಯ ಮಾಲು. ಕೈಗಾರಿಕೆ ಬೆರಳೆಣಿಕೆಯಷ್ಟಿರುವ ಜಿಲ್ಲೆಗೆ ಇದು ಸಣ್ಣ ವಿಷಯ ಆಗಿರಲಿಲ್ಲ.

2011ರಲ್ಲಿ ಇದು ಬೇರೆ ಕಂಪೆನಿಯಾಯಿತು. ಕೇಂದ್ರ ಸರಕಾರದ ಭೆಲ್ (ಭಾರತ್ ಹೆವಿ ಇಲೆಕ್ಟ್ರಿಕಲ್ಸ್) 51 ಶೇಕಡಾ ಷೇರು ತೆಗೆದುಕೊಂಡಿತು, ಉಳಿದ 49 ರಾಜ್ಯದ ಕೈಯಲ್ಲಿ ಉಳಿಯಿತು. ಹೆಸರು ಭೆಲ್ ಇಲೆಕ್ಟ್ರಿಕಲ್ ಮೆಷೀನ್ಸ್ ಲಿಮಿಟೆಡ್, ಚಿಕ್ಕದಾಗಿ ಭೆಲ್ ಇಎಂಎಲ್. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಇರುವ ಅದೇ ಭೆಲ್. ದೊಡ್ಡ ಕಂಪೆನಿ ಬಂದರೆ ದೊಡ್ಡ ಆರ್ಡರ್ ಬರುತ್ತದೆ, ಹೊಸ ಯಂತ್ರ ಬರುತ್ತದೆ ಎಂಬ ನಿರೀಕ್ಷೆ ಇತ್ತು.

ನಡೆದದ್ದು ಬೇರೆ. ನಷ್ಟ ಬೆಳೆಯಿತು. ಸಂಬಳ ನಿಂತಿತು. ನೌಕರರು ಮುಷ್ಕರ, ಧರಣಿ ಹೂಡಿದರು. ಭೆಲ್ ತನ್ನ ಪಾಲು ಬಿಟ್ಟುಕೊಡಲು ಸಿದ್ಧವಾಯಿತು. ರಾಜ್ಯವೂ ತೆಗೆದುಕೊಳ್ಳಲು ಸಿದ್ಧ ಎಂದಿತು. ಇಬ್ಬರೂ ಒಪ್ಪಿದ ಮೇಲೆ ಒಂದು ವಾರದ ಕೆಲಸ ಎಂದು ನಮಗೆ ಅನಿಸಬಹುದು. ಆದರೆ ಕೇಂದ್ರದ ಕಂಪೆನಿ ತನ್ನ ಅಧೀನ ಕಂಪೆನಿಯ ಷೇರು ಕೈಬಿಡಲು ದೆಹಲಿಯ ಒಪ್ಪಿಗೆ ಬೇಕು. ರಾಜ್ಯ ತೆಗೆದುಕೊಳ್ಳಲು ಇಲ್ಲಿಯ ಸಂಪುಟದ ಒಪ್ಪಿಗೆ, ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಹಳೆ ಬಾಕಿ ಯಾರ ತಲೆಗೆ ಎಂಬುದು ತೀರ್ಮಾನವಾಗಬೇಕು. ಹೀಗೆ ವರ್ಷಗಳು ಹೋದವು. ವಿಷಯ ಹೈಕೋರ್ಟಿಗೂ ಹೋಯಿತು. 2020ರ ಮಾರ್ಚ್‌ನ ಲಾಕ್‌ಡೌನಿಗೆ ಗೇಟು ಮುಚ್ಚಿದ್ದು 2022ರವರೆಗೆ ಮತ್ತೆ ತೆರೆಯಲಿಲ್ಲ.

ಈ ಅವಧಿಯನ್ನು ಸ್ವಲ್ಪ ನಿಂತು ನೋಡಬೇಕು. ಕಾರ್ಖಾನೆಗೆ ಎಂಡಿ ಇದ್ದರು, ಮಂಡಳಿ ಇತ್ತು, ಎರಡು ಸರಕಾರಗಳ ಪ್ರತಿನಿಧಿಗಳೂ ಇದ್ದರು. ಆದರೂ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು ಎಂಬುದು ಗೊತ್ತಾಗಲಿಲ್ಲ. 51 ಇದ್ದವರು ಹೊರಗೆ ಹೋಗುವ ತಯಾರಿಯಲ್ಲಿದ್ದರು. 49 ಇದ್ದವರ ಕೈಗೆ ಆಡಳಿತ ಇನ್ನೂ ಬಂದಿರಲಿಲ್ಲ. ಇಬ್ಬರು ಒಡೆಯರಿರುವ ಕಂಪೆನಿಗೆ ತೊಂದರೆ ಬಂದಾಗ ಆಗುವ ಅತಿ ಕೆಟ್ಟದ್ದು ಇದು ಎಂದು ನನ್ನ ಅನಿಸಿಕೆ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಮಾಡುವುದೂ ಇಲ್ಲ.

ಮಾರುಕಟ್ಟೆಯ ಕಡೆಯಿಂದಲೂ ಒಂದು ಏಟು ಇತ್ತು. ರೈಲ್ವೆ ಆ ವರ್ಷಗಳಲ್ಲಿ ಎಂಜಿನ್ ಮೂಲಕ ಮೇಲಿನ ತಂತಿಯಿಂದಲೇ ಬೋಗಿಗಳಿಗೆ ಕರೆಂಟ್ ಕೊಡುವ ಪದ್ಧತಿಗೆ ತಿರುಗತೊಡಗಿತ್ತು. ರೈಲಿಗೆ ಬೇಕಾದ ಆಲ್ಟರ್ನೇಟರನ್ನೇ ನಂಬಿದ ಕಾರ್ಖಾನೆಗೆ ಇದು ಚಿಂತೆಯ ವಿಷಯ. ಹೊಸ ಮಾಲಿಗೆ ತಿರುಗಬೇಕಾದರೆ ಬಂಡವಾಳ ಬೇಕು. ಬಂಡವಾಳ ಹಾಕಬೇಕಾದವರು ಷೇರುದಾರರು. ಮತ್ತೆ ಅದೇ ಬಾಗಿಲಿಗೆ ಬಂದೆವು.

2021ರ ಸೆಪ್ಟೆಂಬರಿನಲ್ಲಿ ಕೈ ಬದಲಾಯಿತು. ಭೆಲ್‌ನ 51 ಶೇಕಡಾ ರಾಜ್ಯಕ್ಕೆ ಬಂತು. ಹೆಸರು ಕೆಲ್ ಇಎಂಎಲ್ ಆಯಿತು. 2022ರ ಏಪ್ರಿಲ್ 1ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕಾರ್ಖಾನೆಯನ್ನು ಮತ್ತೆ ತೆರೆದರು.

## ಒಂದು ರೂಪಾಯಿಗೆ ಕಂಪೆನಿಯಾ?

ಆ 51 ಶೇಕಡಾಕ್ಕೆ ರಾಜ್ಯ ಕೊಟ್ಟ ಬೆಲೆ ಒಂದು ರೂಪಾಯಿ. ಕೇಳಿದವರಿಗೆ ಇದು ಧರ್ಮಕ್ಕೆ ಸಿಕ್ಕಿದ ಹಾಗೆ ಕಾಣುತ್ತದೆ. ಹಾಗಲ್ಲ.

ಷೇರು ಕೊಂಡರೆ ಕಂಪೆನಿಯ ಜಾಗ, ಕಟ್ಟಡ, ಯಂತ್ರ ಮಾತ್ರ ಬರುವುದಿಲ್ಲ. ಬ್ಯಾಂಕ್ ಸಾಲ, ಸಂಬಳದ ಬಾಕಿ, ಪಿಎಫ್ ಬಾಕಿ, ಮಾಲು ಕೊಟ್ಟವರಿಗೆ ಕೊಡಬೇಕಾದ ಹಣ ಎಲ್ಲವೂ ಜೊತೆಗೇ ಬರುತ್ತದೆ. ಏಕೆಂದರೆ ಸಾಲ ಇರುವುದು ಕಂಪೆನಿಯ ಹೆಸರಿನಲ್ಲಿ, ಷೇರುದಾರನ ಹೆಸರಿನಲ್ಲಿ ಅಲ್ಲ. ಷೇರುದಾರ ಬದಲಾದರೂ ಸಾಲಗಾರ ಕಂಪೆನಿ ಅದೇ. ಆಸ್ತಿಗಿಂತ ಸಾಲ ಜಾಸ್ತಿಯಾದ ಕಂಪೆನಿಯ ಷೇರಿಗೆ ಲೆಕ್ಕದ ಪ್ರಕಾರ ಬೆಲೆಯೇ ಇಲ್ಲ. ಆದರೆ ಕಾನೂನಿನ ಪ್ರಕಾರ ಮಾರಾಟ ಎಂದಾಗಲು ಏನಾದರೂ ಬೆಲೆ ಕೊಡಲೇಬೇಕು. ಹಾಗಾಗಿ ಒಂದು ರೂಪಾಯಿ.

ನಿಜವಾದ ಖರ್ಚು ಆಮೇಲಿನದು. ಹಳೆ ಬಾಕಿ ತೀರಿಸಲು, ಕಾರ್ಖಾನೆ ಮತ್ತೆ ನಡೆಸಲು ಸೇರಿ ಸುಮಾರು 77 ಕೋಟಿ ರೂಪಾಯಿಯ ಲೆಕ್ಕವನ್ನು ರಾಜ್ಯ ಸರಕಾರ ಮುಂದಿಟ್ಟಿತು. ಒಂದು ರೂಪಾಯಿಯ ಸುದ್ದಿ ಓದುವಾಗ ಈ ಎರಡನೇ ಸಂಖ್ಯೆ ಎಲ್ಲಿದೆ ಎಂದು ಹುಡುಕಬೇಕು. ಕೆಲವೊಮ್ಮೆ ಅದು ಸುದ್ದಿಯ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ.

## ಕಣ್ಣಿಡುವವರು ಯಾರು?

ಸರಕಾರಿ ಕಂಪೆನಿಯನ್ನು ನೋಡಿಕೊಳ್ಳುವವರ ಸಾಲು ಉದ್ದ ಇದೆ. ಮೊದಲನೆಯದು ಒಡೆತನದ ಇಲಾಖೆ. ಎರಡನೆಯದು ಹಣಕಾಸು ಇಲಾಖೆ. ಹಣ ಬಿಡುಗಡೆ ಅದರ ಕೈಯಲ್ಲಿ ಇರುವುದರಿಂದ ಅದರ ಮಾತಿಗೆ ತೂಕ ಜಾಸ್ತಿ. ಕೇರಳದ ಕೈಗಾರಿಕಾ ಇಲಾಖೆಯ ಕಂಪೆನಿಗಳಿಗೆ ಸಲಹೆ ಕೊಡಲು, ಪುನಶ್ಚೇತನ ಯೋಜನೆ ಮಾಡಲು ಇದ್ದ ರಿಯಾಬ್‌ಗೆ ಈಗ ಬೋರ್ಡ್ ಫಾರ್ ಪಬ್ಲಿಕ್ ಸೆಕ್ಟರ್ ಟ್ರಾನ್ಸ್‌ಫಾರ್ಮೇಶನ್ ಎಂಬ ಹೆಸರು.

ಇವರೆಲ್ಲ ಸರಕಾರದ ಒಳಗಿನವರು. ಹೊರಗಿನ ಕಣ್ಣು ಸಿಎಜಿ, ಅಂದರೆ ಭಾರತದ ಮಹಾಲೇಖಪಾಲರು. ಖಾಸಗಿ ಕಂಪೆನಿ ತನ್ನ ಲೆಕ್ಕ ಪರಿಶೋಧಕನನ್ನು ತಾನೇ ಆರಿಸುತ್ತದೆ. ಸರಕಾರಿ ಕಂಪೆನಿಗೆ ಆ ಸ್ವಾತಂತ್ರ್ಯ ಇಲ್ಲ. ಆಡಿಟರನ್ನು ಸಿಎಜಿಯೇ ನೇಮಿಸುತ್ತಾರೆ. ಆ ಆಡಿಟರ್ ವರದಿ ಕೊಟ್ಟ ಮೇಲೆ 60 ದಿನದ ಒಳಗೆ ಸಿಎಜಿ ಬೇಕಾದರೆ ಮತ್ತೊಮ್ಮೆ ಪರಿಶೀಲಿಸಬಹುದು, ಟಿಪ್ಪಣಿ ಸೇರಿಸಬಹುದು. ಕಂಪೆನಿಯ ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ ಒಳಗೆ ಆಗಬೇಕು. ಅದಾಗಿ ಮೂರು ತಿಂಗಳೊಳಗೆ ಕಂಪೆನಿಯ ಕೆಲಸದ ಬಗ್ಗೆ ವರದಿ ತಯಾರಾಗಬೇಕು, ನಂತರ ವಿಧಾನಸಭೆಯ ಮುಂದೆ ಬರಬೇಕು.

ಕಾಗದದ ಮೇಲೆ ಇದು ಗಟ್ಟಿ ಬೇಲಿ. ಸೋರುವುದು ಒಂದೇ ಜಾಗದಲ್ಲಿ. ಕಂಪೆನಿ ಲೆಕ್ಕವನ್ನೇ ಮುಗಿಸದಿದ್ದರೆ ಆಡಿಟರ್ ಏನನ್ನು ನೋಡುವುದು? ಲೆಕ್ಕ ಬಾಕಿ ಇಟ್ಟುಕೊಂಡಿರುವ ಕಂಪೆನಿಗಳ ಬಗ್ಗೆ ಸಿಎಜಿ ವರದಿಗಳಲ್ಲಿ ಪದೇ ಪದೇ ದೂರು ಇರುತ್ತದೆ. ಕೆಲವು ಕಂಪೆನಿಗಳು ವರ್ಷಗಟ್ಟಲೆ ಹಿಂದೆ ಇರುತ್ತವೆ. ಲೆಕ್ಕ ಇಲ್ಲ ಎಂದರೆ ಸಾಮಾನ್ಯ ಸಭೆಯಲ್ಲಿ ಒಪ್ಪಲು ಏನೂ ಇಲ್ಲ, ವಿಧಾನಸಭೆಗೂ ಏನೂ ಹೋಗುವುದಿಲ್ಲ. ನನ್ನ ಮಟ್ಟಿಗೆ, ಕಂಪೆನಿ ಕಷ್ಟದಲ್ಲಿದೆ ಎಂಬುದಕ್ಕೆ ನಷ್ಟದ ಅಂಕಿಗಿಂತ ಮೊದಲ ಸೂಚನೆ ಇದು.

ಕೊನೆಯ ಕಣ್ಣು ಶಾಸಕರದು. ವಿಧಾನಸಭೆಯಲ್ಲಿ ಸಾರ್ವಜನಿಕ ಉದ್ದಿಮೆಗಳ ಸಮಿತಿ ಇದೆ. ಸಿಎಜಿ ವರದಿ ಹಿಡಿದು ಅದು ಅಧಿಕಾರಿಗಳನ್ನು ಕರೆದು ಕೇಳಬಹುದು. ಸಂಸತ್ತಿನಲ್ಲಿ ಇಂಥ ಸಮಿತಿ 1964ರಲ್ಲಿ ಹುಟ್ಟಿತು. ಅದರ ಹಿಂದೆ ನಮ್ಮ ಹಳೆ ಮಲಬಾರಿನವರೇ ಆದ, ಕೋಯಿಕ್ಕೋಡಿನ ವಿ.ಕೆ. ಕೃಷ್ಣ ಮೆನನ್ ನೇತೃತ್ವದ ಒಂದು ಸಮಿತಿಯ ಸಲಹೆ ಇತ್ತು.

ಇಂಥದ್ದೊಂದು ಬೇಕು ಎಂದು ಅನಿಸಿದ್ದಕ್ಕೆ ಆ ಕಾಲದ ಒಂದು ದೊಡ್ಡ ಹಗರಣವೂ ಕಾರಣ. 1957ರಲ್ಲಿ ಸರಕಾರಿ ಎಲ್‌ಐಸಿ, ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪೆನಿಗಳ ಷೇರಿಗೆ ಸುಮಾರು ಒಂದೂ ಕಾಲು ಕೋಟಿ ರೂಪಾಯಿ ಹಾಕಿತು. ಆಗಿನ ಕಾಲಕ್ಕೆ ಅದು ಭಾರೀ ಹಣ. ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಕೇಳಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ತೆರೆದ ವಿಚಾರಣೆ ನಡೆಸಿದರು. ಅಲ್ಲಿ ಎಲ್ಲರೂ ಕಾದಿದ್ದ ಪ್ರಶ್ನೆ ಒಂದೇ. ಷೇರು ಕೊಳ್ಳಿ ಎಂದು ಎಲ್‌ಐಸಿಗೆ ಹೇಳಿದವರು ಯಾರು, ಹಣಕಾಸು ಕಾರ್ಯದರ್ಶಿಯಾ, ಹಣಕಾಸು ಮಂತ್ರಿಯಾ? ಮಂತ್ರಿ ತಾನಲ್ಲ ಎಂದರು. ತನ್ನ ಅಧಿಕಾರಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ ಎಂದು ಛಾಗ್ಲಾ ಹೇಳಿದರು. 1958ರ ಫೆಬ್ರವರಿಯಲ್ಲಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಬಾಯಿ ಮಾತಿನ ಆದೇಶ ಎಷ್ಟು ಅಪಾಯ ಎಂಬುದು ಅವತ್ತೇ ಗೊತ್ತಾಗಿದೆ. ಕಂಪೆನಿಗೆ ಸರಕಾರ ಏನಾದರೂ ಹೇಳುವುದಿದ್ದರೆ ಬರೆದು ಹೇಳಬೇಕು ಎಂದು ಆಮೇಲೆ ಎಷ್ಟೋ ಸಮಿತಿಗಳು ಹೇಳಿವೆ. ಫೋನು ಮಾತ್ರ ಇನ್ನೂ ರಿಂಗಾಗುತ್ತದೆ.

## ಲೆಕ್ಕ ಸರಿಯಿದ್ದರೂ ತಪ್ಪು ನಡೆಯಬಹುದು

ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ಲಾಂಟೇಶನ್ ಕಾರ್ಪೊರೇಷನ್ ಆಫ್ ಕೇರಳ 1962ರಲ್ಲಿ ಹುಟ್ಟಿದ ಸರಕಾರಿ ಕಂಪೆನಿ. ಗೇರು ತೋಟಗಳಿಗೆ ಟೀ ಸೊಳ್ಳೆಯ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ಅದರ ಪರಿಣಾಮ ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಇಂದಿಗೂ ಕಣ್ಣ ಮುಂದೆ ಇದೆ.

ಔಷಧಿಯ ಖರೀದಿ, ಹೆಲಿಕಾಪ್ಟರಿನ ಬಾಡಿಗೆ ಎಲ್ಲವೂ ಲೆಕ್ಕದ ಪುಸ್ತಕದಲ್ಲಿ ಸರಿಯಾಗಿಯೇ ಇದ್ದಿರಬಹುದು. ಆಡಿಟರ್ ನೋಡುವುದು ಬಿಲ್ಲನ್ನು. ಕೆಳಗೆ ಬಾವಿ ಇದೆ, ಶಾಲೆ ಇದೆ ಎಂಬುದು ಬಿಲ್ಲಿನಲ್ಲಿ ಬರುವುದಿಲ್ಲ. ಅದನ್ನು ಕೇಳಿದವರು ಊರಿನವರು, ವೈದ್ಯರು, ಪತ್ರಕರ್ತರು. ಕೊನೆಗೆ ಕೋರ್ಟು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕು ಎಂದು ಹೇಳಿದ್ದು ಕೇರಳ ಸರಕಾರಕ್ಕೆ. ಸಿಂಪಡಿಸಿದ್ದು ಕಂಪೆನಿ, ಹಣ ಕೊಡಬೇಕಾದದ್ದು ಸರಕಾರ. ಕೊಡುವುದೂ ಎಳೆದಾಡಿತು. 2022ರಲ್ಲಿ ಅದೇ ಕೋರ್ಟು ರಾಜ್ಯವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಆ ತೀರ್ಮಾನ ಮಾಡಿದ ದಿನಗಳ ಎಂಡಿಗಳು ಯಾರು, ಮಂಡಳಿಯಲ್ಲಿ ಯಾರಿದ್ದರು ಎಂದು ಈಗ ಯಾರಿಗೆ ನೆನಪಿದೆ?

## ಮುಳುಗುತ್ತಿರುವ ಕಂಪೆನಿಗೆ ಇರುವ ದಾರಿಗಳು

ಸುಲಭದ ದಾರಿ ಹಣ ಹಾಕುವುದು. ಷೇರಾಗಿ ಹಾಕಬಹುದು, ಸಾಲವಾಗಿ ಕೊಡಬಹುದು, ಬ್ಯಾಂಕಿಗೆ ಗ್ಯಾರಂಟಿ ನಿಲ್ಲಬಹುದು. ಗ್ಯಾರಂಟಿ ನಿಂತರೆ ಇವತ್ತು ಖಜಾನೆಯಿಂದ ಒಂದು ಕಾಸೂ ಹೋಗುವುದಿಲ್ಲ. ಕಂಪೆನಿ ಕಟ್ಟದಿದ್ದರೆ ನಾಳೆ ಪೂರ್ತಿ ಹೋಗುತ್ತದೆ. ಬಿಎಸ್‌ಎನ್‌ಎಲ್‌ಗೆ ಕೇಂದ್ರ 2019, 2022, 2023ರಲ್ಲಿ ಮೂರು ಪ್ಯಾಕೇಜು ಕೊಟ್ಟಿತು. ಮೊದಲನೆಯದರ ಜೊತೆ ಸ್ವಯಂ ನಿವೃತ್ತಿ ಯೋಜನೆ ಬಂತು. 78 ಸಾವಿರಕ್ಕೂ ಜಾಸ್ತಿ ನೌಕರರು ಹೊರಗೆ ಹೋದರು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಮ್ಮೆಲೇ ಜನ ಕಾಣೆಯಾದದ್ದು ಹೀಗೆ.

ಇನ್ನೊಂದು ದಾರಿ ದಿವಾಳಿ ಕಾನೂನು. ಕೋಟ್ಟಯಂ ಜಿಲ್ಲೆಯ ವೆಳ್ಳೂರಿನ ಹಿಂದೂಸ್ತಾನ್ ನ್ಯೂಸ್‌ಪ್ರಿಂಟ್ ಕೇಂದ್ರದ ಕಾರ್ಖಾನೆ. ಬೆದ್ರಡ್ಕದ ಹಾಗೆಯೇ ನಿಂತುಹೋಗಿತ್ತು. ಅದನ್ನೂ ರಾಜ್ಯ ತೆಗೆದುಕೊಂಡಿತು. ಆದರೆ ಒಂದು ರೂಪಾಯಿಗೆ ಅಲ್ಲ, ನ್ಯಾಯಮಂಡಳಿಯ ಮೂಲಕ 145.60 ಕೋಟಿ ರೂಪಾಯಿಗೆ. ಅಲ್ಲಿ ಹಿಂದೆ ಸಾಲ ಕೊಟ್ಟವರಿಗೆ ಎಷ್ಟೆಷ್ಟು ಎಂದು ನ್ಯಾಯಮಂಡಳಿಯಲ್ಲಿಯೇ ತೀರ್ಮಾನವಾಗುತ್ತದೆ. ಹೊಸ ಒಡೆಯನ ತಲೆಗೆ ಹಳೆ ಬಾಕಿ ಬರುವುದಿಲ್ಲ. ಬೆದ್ರಡ್ಕದ್ದು ಷೇರು ವರ್ಗಾವಣೆ, ವೆಳ್ಳೂರಿನದ್ದು ದಿವಾಳಿ ಖರೀದಿ. ಒಂದೇ ಸರಕಾರ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಎರಡೂ ದಾರಿ ಹಿಡಿಯಿತು. ವಿಲೀನ, ಖಾಸಗಿಯವರಿಗೆ ಮಾರಾಟ, ಬಾಗಿಲು ಮುಚ್ಚುವುದು ಉಳಿದ ದಾರಿಗಳು. ಅವುಗಳಿಗೆ ಸಂಪುಟದ ತೀರ್ಮಾನ ಬೇಕು.

## ನಾವೇ ನೋಡಿಕೊಳ್ಳುವುದು ಹೇಗೆ

ಸುಮ್ನೆ ಊಹೆ ಮಾಡಬೇಕಾಗಿಲ್ಲ. ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾವ ಕಂಪೆನಿಯ ಹೆಸರು ಹಾಕಿದರೂ ಕೊನೆಯ ಸಾಮಾನ್ಯ ಸಭೆ ಯಾವಾಗ ನಡೆಯಿತು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಎಂದು ದುಡ್ಡಿಲ್ಲದೆ ನೋಡಬಹುದು. 100 ರೂಪಾಯಿ ಶುಲ್ಕ ಕೊಟ್ಟರೆ ಕಂಪೆನಿ ಸಲ್ಲಿಸಿದ ದಾಖಲೆಗಳೂ ತೆರೆಯುತ್ತವೆ. ಅದರಲ್ಲಿ ಆಡಿಟರನ ವರದಿಯನ್ನು ಮೊದಲು ಓದಿ, ಅಧ್ಯಕ್ಷರ ಮಾತನ್ನು ಆಮೇಲೆ. ಸಂಬಳ, ಪಿಎಫ್ ಕಟ್ಟಲು ತಡವಾಗಿದ್ದರೆ, ಕಂಪೆನಿ ಮುಂದೆ ನಡೆಯುವುದೇ ಅನುಮಾನ ಎಂದು ಆಡಿಟರಿಗೆ ಅನಿಸಿದ್ದರೆ ಅದು ಅಲ್ಲಿ ಇರುತ್ತದೆ.

ಸರಕಾರಿ ಕಂಪೆನಿಗಳಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ‘ಕಂಪೆನಿ ಯಾಕೆ ನಷ್ಟದಲ್ಲಿದೆ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅವರು ಕೊಡಬೇಕಾದದ್ದು ದಾಖಲೆ, ಅಭಿಪ್ರಾಯ ಅಲ್ಲ. ಎಂಡಿಗೆ ಎಷ್ಟು ಹಣದವರೆಗೆ ಖರ್ಚಿನ ಅಧಿಕಾರ ಇದೆ ಎಂಬ ಠರಾವಿನ ಪ್ರತಿ, ಕಳೆದ ಐದು ವರ್ಷಗಳಲ್ಲಿ ಎಂಡಿಯಾಗಿದ್ದವರ ಪಟ್ಟಿ ಮತ್ತು ಅವಧಿ, ಸರಕಾರ ಕೊಟ್ಟ ಹಣದ ಆದೇಶಗಳ ಪ್ರತಿ ಎಂದು ಕೇಳಿ. ರಾಜ್ಯದ ಕಚೇರಿಗಳಿಗೆ ಅರ್ಜಿ, ಪತ್ರಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶವನ್ನು ಇಲ್ಲಿನ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕೊಟ್ಟಿದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಸಂಸ್ಥೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.